ಹೊರೆ ಇಳಿಸುವ ದಾಸೋಹ

(ಶ್ರಾವಣ ಮಾಸದ ಶಿವಾನುಭವ ಗೋಷ್ಠಿಯಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ)



ಪ್ರತಿ ಶ್ರಾವಣದಲ್ಲಿಯೂ ನಾವು ಈ ಗದ್ದುಗೆಯ ಸನ್ನಿಧಿಯಲ್ಲಿ ಕುಳಿತು ದುಶ್ಚಟಗಳ ವಿಷಯವಾಗಿ ಮಾತನಾಡುತ್ತೇವೆ. ನೀವೂ ಶ್ರದ್ಧೆಯಿಂದ ಕೇಳುತ್ತೀರಿ. ಹಾಗೆ ಮಾತನಾಡುವಾಗಲೆಲ್ಲ ನಮ್ಮ ಮುಖವು ಗಂಡಸರು ಕುಳಿತ ಕಡೆಗೇ ತಿರುಗಿರುತ್ತದೆ. ತಾಯಂದಿರ ಕಡೆಗೆ ತಿರುಗಿದರೆ ಅದು ‘ನಿಮ್ಮ ಯಜಮಾನರಿಗೆ ಬುದ್ಧಿ ಹೇಳಿರಿ’ ಎನ್ನುವುದಕ್ಕಷ್ಟೇ. ಇಂದು ನಾವು ಆಡುವ ಮಾತು ಬೇರೆ. ಹೆಣ್ಣುಮಕ್ಕಳಲ್ಲಿಯೇ ಈ ಸಂಕಟಕ್ಕೆ ಸಿಕ್ಕಿಕೊಂಡವರು ಇದ್ದಾರೆ. ಅವರು ಅದರಿಂದ ಹೊರಬರಲು ಹೊರಟಾಗ ನಾವು ನೀವೆಲ್ಲ ಏನು ಮಾಡಬೇಕು ಎಂಬುದೇ ಇಂದಿನ ವಿಚಾರ. ಇದನ್ನು ಕೇಳಿ ಯಾವ ತಾಯಿಯೂ ತಲೆ ತಗ್ಗಿಸಬೇಕಾಗಿಲ್ಲ. ತಲೆ ತಗ್ಗಿಸಬೇಕಾದವರು ನಾವೇ. ಏಕೆಂಬುದನ್ನು ಮೊದಲು ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ಮಠದಲ್ಲಿ ವ್ಯಸನಮುಕ್ತಿ ಶಿಬಿರ ನಡೆದಿತ್ತು. ಗಂಡಸರಿಗೆ ಹಾಸಿಗೆ, ಊಟ, ವೈದ್ಯರು, ಪ್ರಾರ್ಥನೆ ಎಲ್ಲವೂ ಸಿದ್ಧವಾಗಿದ್ದವು. ಸಾಯಂಕಾಲ ಒಬ್ಬ ಹೆಣ್ಣುಮಗಳು, ಸೆರಗು ಹಿಡಿದ ಏಳೆಂಟು ವರ್ಷದ ಹುಡುಗನೊಡನೆ ಬಂದು ದೂರ ನಿಂತಳು. ನಾವು ವಾಡಿಕೆಯಂತೆ, ‘ಏನವ್ವಾ, ನಿನ್ನ ಗಂಡ ಎಷ್ಟು ವರ್ಷದಿಂದ ಕುಡಿಯುತ್ತಾನೆ? ಕರೆದುಕೊಂಡು ಬಾ’ ಎಂದೆವು. ಆಕೆ ನೆಲ ನೋಡುತ್ತ, ‘ಅಪ್ಪಾರ, ನನ್ನ ಗಂಡ ಕುಡಿಯಂಗಿಲ್ರಿ. ಕುಡಿಯಾಕಿ ನಾನ’ ಎಂದಳು.

ನಮ್ಮಲ್ಲಿ ಉತ್ತರವಿರಲಿಲ್ಲ. ನಲವತ್ತು ವರ್ಷ ಶಾಸ್ತ್ರ ಓದಿದ ನಾವು ಒಂದು ಕ್ಷಣ ಅತ್ತಿತ್ತ ನೋಡಿದೆವು. ಶಿಬಿರದ ವೈದ್ಯರು, ಹೆಂಗಸರಿಗೆ ಇಲ್ಲಿ ಏರ್ಪಾಡಿಲ್ಲ, ದೊಡ್ಡ ಊರಿನ ದವಾಖಾನೆಗೆ ಹೋಗಿ ಕೆಲವು ವಾರ ಇರಬೇಕು ಎಂದರು. ಆಗ ಆಕೆ ಕೇಳಿದ್ದು ಒಂದೇ ಮಾತು: ‘ಈ ಹುಡುಗನ್ನ ಯಾರ ಕಡೆ ಬಿಟ್ಟು ಹೋಗ್ಲಿರಿ?’ ನಾವು, ‘ಬಂಧು ಬಳಗದವರು ಯಾರಾದರೂ ನೋಡಿಕೊಳ್ಳುತ್ತಾರೆ, ಹೋಗಿ ಬಾ ತಾಯಿ’ ಎಂದು ವಿಭೂತಿ ಕೊಟ್ಟು ಕಳುಹಿಸಿದೆವು. ಆಕೆ ಹೋದಳು, ದವಾಖಾನೆಗಲ್ಲ, ಮನೆಗೆ.

ಎರಡು ವರ್ಷಗಳ ಮೇಲೆ ಒಬ್ಬ ಮುದುಕಿ ಅದೇ ಹುಡುಗನನ್ನು ಕರೆತಂದಳು. ‘ಅವ್ವ ಇಲ್ಲದ ಕೂಸರಿ ಅಪ್ಪಾರ, ನಿಮ್ಮ ಉಡಿಯಾಗ ಹಾಕ್ಕೋರಿ’ ಎಂದಳು. ನಾವು ಕೂಡಲೇ ಹುಡುಗನನ್ನು ಪ್ರಸಾದ ನಿಲಯಕ್ಕೆ ಸೇರಿಸಿಕೊಂಡೆವು. ಅಂದು ರಾತ್ರಿ ಪೂಜೆಗೆ ಕುಳಿತಾಗ ಮನಸ್ಸು ನಿಲ್ಲಲಿಲ್ಲ. ತಾಯಿ ಸತ್ತ ಮೇಲೆ ಈ ಮಗುವಿಗೆ ಮಠದಲ್ಲಿ ಜಾಗವಿತ್ತು; ತಾಯಿ ಬದುಕಿ, ಬದುಕಲು ಬಯಸಿ, ಬಾಗಿಲಿಗೆ ಬಂದಾಗ ಜಾಗವಿರಲಿಲ್ಲ! ಅದೇ ಕೋಣೆ, ಅದೇ ಚಾಪೆ, ಅದೇ ರೊಟ್ಟಿ. ಆ ದಿನ ‘ಹುಡುಗನನ್ನು ಇಲ್ಲಿ ಬಿಡು, ನೀನು ಹೋಗಿ ಗುಣವಾಗಿ ಬಾ’ ಎಂಬ ಒಂದು ಮಾತು ನಮ್ಮ ಬಾಯಿಂದ ಬರಲಿಲ್ಲ. ಆ ಹುಡುಗ ಯಾರೆಂದು ನೀವು ಹುಡುಕಬೇಡಿರಿ. ಗುರುತು ಸಿಗದಂತೆ ಕಾಲವನ್ನೂ ವಯಸ್ಸನ್ನೂ ಸ್ವಲ್ಪ ಬದಲಿಸಿಯೇ ಹೇಳಿದ್ದೇವೆ. ಆದರೆ ತಪ್ಪನ್ನು ಮಾತ್ರ ಬದಲಿಸಿಲ್ಲ. ಅದು ಇದ್ದ ಹಾಗೆಯೇ ನಮ್ಮದು.

ಬಂಧುಗಳೇ, ‘ವ್ಯಸನ’ ಎಂಬ ಶಬ್ದವನ್ನು ವಿಚಾರ ಮಾಡಿರಿ. ‘ಅಸ್’ ಎಂಬ ಧಾತುವಿಗೆ ಎಸೆಯುವುದು ಎಂದು ಅರ್ಥ. ಅದಕ್ಕೆ ‘ವಿ’ ಎಂಬ ಉಪಸರ್ಗ ಸೇರಿದೆ. ಯಾವುದು ಮನುಷ್ಯನನ್ನು ಶ್ರೇಯಸ್ಸಿನಿಂದ ದೂರ ಎಸೆಯುವುದೋ ಅದು ವ್ಯಸನ. ಸಂಸ್ಕೃತದಲ್ಲಿ ಈ ಶಬ್ದಕ್ಕೆ ದುಶ್ಚಟ ಎಂಬ ಅರ್ಥವಿರುವಂತೆಯೇ ವಿಪತ್ತು, ಸಂಕಟ ಎಂಬ ಅರ್ಥವೂ ಇದೆ. ಅಮರಕೋಶವು ಎರಡನ್ನೂ ಹೇಳುತ್ತದೆ. ಪೂರ್ವಿಕರಿಗೆ ದೋಷ ಮತ್ತು ದುಃಖ ಒಂದೇ ಶಬ್ದದೊಳಗೆ ಕಂಡವು. ನಾವೋ ಅವನ್ನು ಹಂಚಿಬಿಟ್ಟಿದ್ದೇವೆ. ಗಂಡಸು ಕುಡಿದರೆ ‘ಪಾಪ, ಏನು ಚಿಂತೆಯೋ, ಏನು ಸಹವಾಸವೋ’ ಎಂದು ಸಂಕಟದ ಅರ್ಥವನ್ನು ಕೊಡುತ್ತೇವೆ. ಹೆಂಗಸು ಕುಡಿದರೆ ದೋಷದ ಅರ್ಥವೊಂದನ್ನೇ ಉಳಿಸುತ್ತೇವೆ. ಅದಕ್ಕೆ ಆಕೆಯ ನಡತೆಯನ್ನೂ ಹೆತ್ತವರ ಮಾನವನ್ನೂ ಗಂಟು ಹಾಕುತ್ತೇವೆ. ಒಂದೇ ಶಬ್ದಕ್ಕೆ ಎರಡು ತಕ್ಕಡಿ! ಇದು ಧರ್ಮವಲ್ಲ.

‘ಅಪ್ಪಾರ, ಇಂಥವರು ಎಷ್ಟು ಜನ ಇದ್ದಾರು?’ ಎಂದು ನೀವು ಕೇಳಬಹುದು. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯಂತೆ, 10ರಿಂದ 75 ವರ್ಷದವರಲ್ಲಿ ಮದ್ಯ ಸೇವಿಸುವ ಗಂಡಸರು ನೂರಕ್ಕೆ 27.3, ಹೆಂಗಸರು ನೂರಕ್ಕೆ 1.6. ಕುಡಿಯುವ ಹೆಂಗಸರಲ್ಲಿ ಹದಿನಾರರಲ್ಲಿ ಒಬ್ಬಳು ಅದರ ಹಿಡಿತಕ್ಕೆ ಸಿಕ್ಕವಳು. ನೂರಕ್ಕೆ ಒಂದೂವರೆ ಎಂದರೆ ಕಡಿಮೆ ಎನಿಸುತ್ತದೆ. ಆದರೆ ಇಷ್ಟು ದೊಡ್ಡ ದೇಶದಲ್ಲಿ ಅದು ಲಕ್ಷಗಳ ಲೆಕ್ಕವಾಗುತ್ತದೆ. ಇನ್ನು ತಂಬಾಕಿನ ಮಾತು ಬೇಡವೇ ಬೇಡ. 2016-17ರ ಸಮೀಕ್ಷೆಯಲ್ಲಿ ವಯಸ್ಕ ಹೆಂಗಸರಲ್ಲಿ ನೂರಕ್ಕೆ 14.2 ಮಂದಿ ತಂಬಾಕು ಬಳಸುವವರು. ಎಲೆಯಡಿಕೆಯ ಜೊತೆ ಬಾಯಿಗೆ ಹೋಗುವುದು, ಹಲ್ಲಿಗೆ ತಿಕ್ಕುವುದು ಚಟವೆಂದು ನಮ್ಮ ತಾಯಂದಿರಿಗೆ ಅನಿಸುವುದೇ ಇಲ್ಲ. ನಿದ್ರೆಯ ಗುಳಿಗೆ, ನೋವಿನ ಗುಳಿಗೆಗಳಿಗೆ ಅಂಟಿಕೊಂಡವರು ಬೇರೆ. ಇವರಲ್ಲಿ ಕೂಲಿಯವರೂ ಇದ್ದಾರೆ, ದೊಡ್ಡ ವಾಡೆಯವರೂ ಇದ್ದಾರೆ. ವಾಡೆಯ ಗೋಡೆ ಎತ್ತರವಾದಷ್ಟೂ ಒಳಗಿನ ಅಳು ಹೊರಗೆ ಕೇಳುವುದಿಲ್ಲ, ಅಷ್ಟೇ.

ವೈದ್ಯರು ನಮಗೆ ತಿಳಿಸಿಕೊಟ್ಟ ಒಂದು ಸಂಗತಿ ಕೇಳಿರಿ. ಹೆಣ್ಣಿನ ಶರೀರದಲ್ಲಿ ನೀರಿನ ಅಂಶ ಗಂಡಿಗಿಂತ ಕಡಿಮೆ. ಆದುದರಿಂದ ಅಷ್ಟೇ ಮದ್ಯ ಆಕೆಯ ರಕ್ತದಲ್ಲಿ ಹೆಚ್ಚು ಗಾಢವಾಗಿ ನಿಲ್ಲುತ್ತದೆ. ಯಕೃತ್ತು ಬೇಗ ಕೆಡುತ್ತದೆ. ಮೊದಲ ಗುಟುಕಿನಿಂದ ಪೂರ್ಣ ಹಿಡಿತಕ್ಕೆ ಬೀಳುವವರೆಗಿನ ಕಾಲವೂ ಗಂಡಸರಿಗಿಂತ ಚಿಕ್ಕದು. ಗರ್ಭಿಣಿಯಾದರೆ ಅದು ಹೊಟ್ಟೆಯೊಳಗಿನ ಕೂಸನ್ನೂ ಮುಟ್ಟುತ್ತದೆ. ಹಾಗಾದರೆ ಆಕೆ ಬೇಗ ಚಿಕಿತ್ಸೆಗೆ ಬರಬೇಕಲ್ಲವೇ? ಬರುವುದು ತಡವಾಗಿ. ರೋಗ ಓಡುತ್ತದೆ, ರೋಗಿ ನಿಂತಿರುತ್ತಾಳೆ. ಏಕೆ ನಿಂತಿರುತ್ತಾಳೆ?

ಆಕೆಯ ತಲೆಯ ಮೇಲೆ ಹೊರೆ ಇದೆ. ಹೊಲದಿಂದ ಸೊಪ್ಪಿನ ಹೊರೆ ಹೊತ್ತು ಬರುವವಳನ್ನು ನೋಡಿದ್ದೀರಿ. ದಾರಿಯಲ್ಲಿ ಕಾಲಿಗೆ ಮುಳ್ಳು ಚುಚ್ಚಿದರೆ ಆಕೆ ಬಗ್ಗಿ ಕೀಳಲಾರಳು. ಬಗ್ಗಿದರೆ ಹೊರೆ ಬೀಳುತ್ತದೆ. ಯಾರಾದರೂ ಬಂದು ಹೊರೆಗೆ ಕೈ ಕೊಟ್ಟರೆ ಮಾತ್ರ ಮುಳ್ಳು ಕೀಳಲು ಸಾಧ್ಯ. ನಾವು ಏನು ಮಾಡುತ್ತೇವೆ? ದೂರ ನಿಂತು, ‘ಮುಳ್ಳು ಕಿತ್ತುಕೋ, ಮುಳ್ಳು ಕಿತ್ತುಕೋ’ ಎಂದು ಪ್ರವಚನ ಹೇಳುತ್ತೇವೆ! ಔಷಧ ಕೊಡುವುದು ವೈದ್ಯರ ಕಾಯಕ. ಹೊರೆಗೆ ಕೈ ಕೊಡುವುದು ನಮ್ಮ ನಿಮ್ಮ ದಾಸೋಹ. ಇಂದು ನಾವು ಹೇಳಬೇಕಾದದ್ದು ಇದೊಂದೇ ಮಾತು. ಉಳಿದದ್ದೆಲ್ಲ ಅದರ ವಿವರ.

ಮೊದಲನೆಯ ಹೊರೆ ಮಕ್ಕಳು. ಗಂಡಸು ದವಾಖಾನೆ ಸೇರಿದರೆ ಮನೆಯಲ್ಲಿ ಮಕ್ಕಳನ್ನು ಹೆಂಡತಿ ನೋಡುತ್ತಾಳೆ. ಹೆಂಡತಿ ಸೇರಿದರೆ? ಈ ಪ್ರಶ್ನೆಗೆ ನೆಲದ ಕಾನೂನು ಸ್ವಲ್ಪ ಉತ್ತರ ಕೊಟ್ಟಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ಮದ್ಯ ಮತ್ತು ಮಾದಕ ವಸ್ತುಗಳಿಂದ ಉಂಟಾಗುವ ಮನೋವ್ಯಾಧಿಗಳನ್ನೂ ಒಳಗೊಂಡಿದೆ. ಮೂರು ವರ್ಷದೊಳಗಿನ ಕೂಸನ್ನು, ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸಬಾರದೆಂದು ಅದು ಹೇಳುತ್ತದೆ. ಇದನ್ನು ನಮ್ಮ ತಾಯಂದಿರಿಗೆ ಯಾರು ತಿಳಿಸಿದ್ದಾರೆ? ಮೂರು ದಾಟಿದ ಮಕ್ಕಳಿಗೆ ಕಾನೂನಿಗಿಂತ ನೆರೆಮನೆ ಬೇಕು, ಮಠ ಬೇಕು.

ಎರಡನೆಯ ಹೊರೆ ಒಲೆ. ಅತ್ತೆಗೆ ಮುದ್ದೆಯೋ ರೊಟ್ಟಿಯೋ ಆಗಬೇಕು, ದನಕ್ಕೆ ನೀರು ಆಗಬೇಕು, ಕೂಲಿ ತಪ್ಪಿದರೆ ಸಂತೆ ತಪ್ಪುತ್ತದೆ. ಮೂರನೆಯದು ಜೊತೆ. ಯಾವ ದವಾಖಾನೆಗಾದರೂ ಹೋಗಿ ನೋಡಿರಿ. ಕುಡಿತ ಬಿಡಲು ಬಂದ ಗಂಡಸಿನ ಹಾಸಿಗೆಯ ಪಕ್ಕದಲ್ಲಿ ಹೆಂಡತಿ ಕುಳಿತಿರುತ್ತಾಳೆ. ಗಂಜಿ ಕುಡಿಸುತ್ತಾಳೆ, ಬೈಗಳನ್ನೂ ತಿನ್ನುತ್ತಾಳೆ. ಅದೇ ರೋಗಕ್ಕೆ ಬಂದ ಹೆಂಗಸಿನ ಪಕ್ಕದಲ್ಲಿ ಗಂಡ ಕುಳಿತಿರುವುದು ವಿರಳ. ಮುದಿ ತಾಯಿ ಇದ್ದರೆ ಅದೇ ಪುಣ್ಯ. 1980ರಲ್ಲಿ ಚೆನ್ನೈಯಲ್ಲಿ ಶಾಂತಿ ರಂಗನಾಥನ್ ಎಂಬ ತಾಯಿ, ಕುಡಿತದಿಂದ ಪತಿಯನ್ನು ಕಳೆದುಕೊಂಡ ಮೇಲೆ, ಅಂಥ ರೋಗಿಗಳಿಗಾಗಿ ಚಿಕಿತ್ಸಾ ಸಂಸ್ಥೆ ಕಟ್ಟಿದರು; ರೋಗಿಯ ಜೊತೆಗೆ ಮನೆಯವರಿಗೂ ತಿಳುವಳಿಕೆ ಕೊಡುವ ಪದ್ಧತಿಯನ್ನು ಬೆಳೆಸಿದರು. ಒಬ್ಬ ಹೆಣ್ಣುಮಗಳು ತನ್ನ ದುಃಖವನ್ನು ಹೀಗೆ ಲೋಕಕ್ಕೆ ಆಸರೆಯಾಗಿ ಮಾಡಬಲ್ಲಳು. ಹೆಣ್ಣಿಗೇ ಆಸರೆ ಬೇಕಾದಾಗ ಗಂಡಸು ಎಲ್ಲಿ ಹೋಗುತ್ತಾನೆ? ಈ ಸಭೆಯ ಗಂಡಸರು ಇದಕ್ಕೆ ತಮ್ಮ ಮನಸ್ಸಿನಲ್ಲಿಯೇ ಉತ್ತರ ಕೊಟ್ಟುಕೊಳ್ಳಿರಿ.

ನಾಲ್ಕನೆಯ ಹೊರೆ ಭಯ. ಎಷ್ಟೋ ತಾಯಂದಿರು ಕುಡಿತ ಹಿಡಿದದ್ದೇ ಹೊಡೆತದ ನೋವು ಮರೆಯಲು. ಅದೇ ಮನೆಗೆ, ಅದೇ ಬಡಿಗೆಯ ಕೆಳಗೆ ಆಕೆಯನ್ನು ಹಿಂದಿರುಗಿಸಿ, ‘ಇನ್ನು ಕುಡಿಯಬೇಡ’ ಎಂದರೆ ಬೆಂಕಿಯ ಮೇಲೆ ಕೂರಿಸಿ ಬೆವರಬೇಡ ಎಂದಂತೆ. ಹೆಣ್ಣುಮಕ್ಕಳ ರಕ್ಷಣೆಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಇದೆ, 181 ಎಂಬ ಸಹಾಯವಾಣಿ ಇದೆ. ಚಿಕಿತ್ಸೆಯ ವಿಷಯದಲ್ಲಿಯೂ ಗಂಡನ ಅಪ್ಪಣೆಗಾಗಿ ಕಾಯಬೇಕಾಗಿಲ್ಲ. ವಯಸ್ಕಳಾದ ಹೆಣ್ಣುಮಗಳು ತಾನೇ ಹೋಗಿ ಸೇರಬಹುದು. ತನ್ನ ಪರವಾಗಿ ಮಾತನಾಡಲು ತಾಯಿಯನ್ನೋ ಗೆಳತಿಯನ್ನೋ, ತಾನು ನಂಬಿದ ಯಾವ ವಯಸ್ಕರನ್ನಾದರೂ ನೇಮಿಸಿಕೊಳ್ಳುವ ಹಕ್ಕನ್ನು 2017ರ ಕಾಯಿದೆಯೇ ಕೊಟ್ಟಿದೆ.

ಐದನೆಯ ಹೊರೆ ಎಲ್ಲಕ್ಕಿಂತ ಭಾರವಾದದ್ದು. ಅದು ನಮ್ಮ ನಾಲಗೆ. ಕಟ್ಟೆಯ ಮೇಲಿನ ಮಾತು, ನಲ್ಲಿಯ ಹತ್ತಿರದ ಪಿಸುಮಾತು. ‘ಆಕೆಯ ಮಗಳನ್ನು ಯಾರು ತಂದುಕೊಂಡಾರು?’ ಎಂಬ ಪ್ರಶ್ನೆ. ಈ ಒಂದು ಮಾತಿನ ಭಯಕ್ಕೆ ಆಕೆ ಸಾಯುವವರೆಗೂ ಬಾಗಿಲು ಮುಚ್ಚಿಕೊಂಡಿರುತ್ತಾಳೆ. ದವಾಖಾನೆಯವರು ರೋಗಿಯ ಗುಟ್ಟನ್ನು ಕಾಯಲೇಬೇಕೆಂದು ಕಾನೂನಿದೆ. ಭಕ್ತರಿಗೆ ಕಾನೂನು ಬೇಕೇ? ಕೊರಳಲ್ಲಿರುವ ಲಿಂಗ ಸಾಲದೇ?

ಬಸವಾದಿ ಪ್ರಮಥರ ಮಾರ್ಗವನ್ನು ನೆನೆಯಿರಿ. ಹೆಂಡದ ಮಾರಯ್ಯ ಹೆಂಡ ಮಾರುವ ಕಾಯಕದವನು. ಕುಡಿಯಲು ಬಂದವರಿಗೇ ಕುಡಿತ ಬಿಡುವ ಬುದ್ಧಿ ಹೇಳುತ್ತಿದ್ದನೆಂದು ಪರಂಪರೆ ಹೇಳುತ್ತದೆ. ಅನುಭವ ಮಂಟಪ ಅವನನ್ನು ಹೊರಗಿಡಲಿಲ್ಲ, ಅವನೂ ವಚನಕಾರನಾದ. ಲೋಕ ಹೀನಾಯವಾಗಿ ಕಂಡ ವೃತ್ತಿಯಿಂದ ಬಂದ ಸಂಕವ್ವೆಗೂ ಶರಣರ ನಡುವೆ ಸ್ಥಾನ ದೊರೆಯಿತು. ಆಕೆಯ ವಚನ ಇಂದಿಗೂ ನಮಗೆ ಉಳಿದಿದೆ. ಗಂಡ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ತಿದ್ದಿದವಳು ಆಯ್ದಕ್ಕಿ ಲಕ್ಕಮ್ಮ. ಆ ಕಾಲದಲ್ಲಿ ಹೆಣ್ಣಿಗೆ ಸೂತಕವೆಂದು ಹೊರಗೆ ಕೂರಿಸಿದ್ದನ್ನೇ ಶರಣರು ಅಲ್ಲಗಳೆದರು. ಅಂಥವರ ಮಕ್ಕಳಾದ ನಾವು ಕಾಯಿಲೆಯವಳೊಬ್ಬಳಿಗೆ ಹೊಸ ಸೂತಕ ಕಟ್ಟಬಹುದೇ?

ನಮ್ಮ ಕಾಲದಲ್ಲಿಯೇ ದೊಡ್ಡ ದಾರಿ ತೋರಿದವರು ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು. 1975ರಲ್ಲಿ ಅವರು ‘ಮಹಾಂತ ಜೋಳಿಗೆ’ ಹಿಡಿದು, ಕಾಳು ಬೇಡ, ಕಾಸು ಬೇಡ, ನಿಮ್ಮ ದುಶ್ಚಟಗಳನ್ನೇ ಭಿಕ್ಷೆಯಾಗಿ ಹಾಕಿರಿ ಎಂದು ಊರೂರು ತಿರುಗಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಮ್ಮ ರಾಜ್ಯವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆ ಜೋಳಿಗೆಗೆ ನಮ್ಮ ಕೋಟಿ ನಮನ. ಅದರ ಪಕ್ಕದಲ್ಲಿ ನಾವು ಇನ್ನೊಂದು ಜೋಳಿಗೆ ಹಿಡಿಯಬೇಕಾಗಿದೆ. ಅದರಲ್ಲಿ ವ್ಯಸನವನ್ನು ಹಾಕಬೇಕಾಗಿಲ್ಲ. ವ್ಯಸನ ಬಿಡಲು ಹೊರಟವಳ ಹೊರೆಯನ್ನು ಹಾಕಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ದಿನವೂ ಹೆಚ್ಚು ಕುಡಿದು ರೂಢಿಯಾದವರು ಗದ್ದುಗೆ ಮುಟ್ಟಿ ಆಣೆ ಮಾಡಿ ಒಮ್ಮೆಲೇ ನಿಲ್ಲಿಸಿದರೆ ಶರೀರ ತಿರುಗಿಬೀಳುತ್ತದೆ. ಕೈ ನಡುಗುತ್ತದೆ, ನಿದ್ರೆ ಹೋಗುತ್ತದೆ. ಕೆಲವರಿಗೆ ಒಂದೆರಡು ದಿನದಲ್ಲಿ ಫಿಟ್ಸ್ ಬರುತ್ತದೆ, ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣುವ ಸನ್ನಿ ಹಿಡಿಯುತ್ತದೆ. ಪ್ರಾಣಕ್ಕೂ ಅಪಾಯ ಉಂಟು. ಬಹುಕಾಲ ನಿದ್ರೆಯ ಗುಳಿಗೆ ನುಂಗಿದವರೂ ಹಾಗೆಯೇ. ಅದನ್ನು ಮೆಲ್ಲಮೆಲ್ಲನೆ ಇಳಿಸಬೇಕು. ಆದುದರಿಂದ ಸಂಕಲ್ಪ ಗುರುವಿನ ಮುಂದೆ ಆಗಲಿ, ಬಿಡಿಸುವುದು ವೈದ್ಯರ ಕೈಯಲ್ಲಿ ಆಗಲಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಇರುವುದು ಇದಕ್ಕಾಗಿಯೇ. ದಾರಿ ತಿಳಿಯದಿದ್ದರೆ 14446 ಎಂಬ ವ್ಯಸನಮುಕ್ತಿ ಸಹಾಯವಾಣಿಗೆ, ಇಲ್ಲವೆ 14416 ಎಂಬ ಟೆಲಿ ಮಾನಸ್‌ಗೆ ಫೋನು ಮಾಡಬಹುದು. ವಿಭೂತಿಯೂ ಇರಲಿ, ಗುಳಿಗೆಯೂ ಇರಲಿ, ಒಂದಕ್ಕೊಂದು ವೈರಿಯಲ್ಲ.

ಮೊದಲಿನ ತಪ್ಪಿನ ಮೇಲೆ ನಡೆದ ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇವೆ. ಮತ್ತೊಬ್ಬ ತಾಯಿ ಬಂದಳು. ಈ ಸಲ ನಾವು ಉಪದೇಶ ಮಾಡಲಿಲ್ಲ. ಮಕ್ಕಳು ಎಷ್ಟು, ದನ ಎಷ್ಟು, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದೆವು. ದೊಡ್ಡ ಮಗಳು ಅಕ್ಕನ ಬಳಗದ ಒಬ್ಬ ತಾಯಿಯ ಮನೆಯಲ್ಲಿ ಉಳಿದಳು. ಎರಡು ವರ್ಷದ ಕೂಸು ತಾಯಿಯ ಜೊತೆಗೇ ಹೋಯಿತು. ದಾಸೋಹದಿಂದ ಎರಡು ಹೊತ್ತು ಬುತ್ತಿ ಆ ಮನೆಗೆ ಹೋಯಿತು. ಜೊತೆಗೆ ಹೋಗಿದ್ದ ಹಿರಿಯ ತಾಯಿ ತಿರುಗಿ ಬಂದು ನಮ್ಮ ಮುಂದೆ ನಿಂತು, ‘ಅಪ್ಪಾರ, ಓಣ್ಯಾಗ ಕೇಳಿದ್ರ, ಆಕಿ ತವರಿಗೆ ಹೋಗ್ಯಾಳ ಅಂತ ಸುಳ್ಳು ಹೇಳೀನಿ. ಏನು ಪ್ರಾಯಶ್ಚಿತ್ತರಿ?’ ಎಂದಳು. ನಾವು ನಕ್ಕು, ‘ಸುಳ್ಳು ಯಾಕ ಹೇಳತೀ ತಾಯಿ? ಆರಾಮಿಲ್ಲ, ದವಾಖಾನಿಗೆ ಹೋಗ್ಯಾಳ ಅನ್ನು. ಅದ ಖರೇ ಅಲ್ಲೇನು?’ ಎಂದೆವು. ಆಕೆ ಸುಮ್ಮನೆ ನಿಂತು, ‘ಹೌದ್ರಿ, ಅದ ಖರೇ’ ಎಂದಳು. ಕಾಯಿಲೆ ಎಂದು ತಿಳಿದ ಮೇಲೆ ಮುಚ್ಚಿಡಲು ಸುಳ್ಳೇ ಬೇಕಾಗುವುದಿಲ್ಲ.

ಆ ತಾಯಿ ಗುಣವಾಗಿ ಬಂದಳು. ನಾಲ್ಕು ತಿಂಗಳಿಗೆ ಒಂದು ಹಬ್ಬದ ದಿನ ಮತ್ತೆ ಜಾರಿದಳು. ಊರವರು ‘ನಾವು ಮೊದಲೇ ಹೇಳಿದ್ದೆವು’ ಎಂದರು. ಬಳಗದವರು ಮಾತ್ರ ಮರುದಿನವೇ ಆಕೆಯನ್ನು ವೈದ್ಯರ ಬಳಿಗೆ ಕರೆದೊಯ್ದರು. ನಡೆಯಲು ಕಲಿಯುವ ಮಗು ಬಿದ್ದರೆ ತಾಯಿ ಅದನ್ನು ಎತ್ತುತ್ತಾಳೆ. ಮನೆಯಿಂದ ಹೊರಗೆ ಹಾಕುವುದಿಲ್ಲ. ಇಂದು ಆಕೆ ರೊಟ್ಟಿ ಬಡಿದು ಮಾರಿ ಸ್ವಂತ ದುಡಿಮೆಯಲ್ಲಿ ಬದುಕಿದ್ದಾಳೆ. ಕಾಯಕವಿಲ್ಲದೆ ಬರಿಯ ಬಿಡುವಿಕೆ ನಿಲ್ಲುವುದಿಲ್ಲ. ಕೈಗೆ ಕೆಲಸ ಬಂದಾಗ ಮನಸ್ಸಿಗೆ ನೆಲೆ ಬರುತ್ತದೆ.

ಆದುದರಿಂದ ಈ ಶ್ರಾವಣದಿಂದ ಮಠವು ಕೆಲವು ಸಂಕಲ್ಪ ಮಾಡಿದೆ. ಚಿಕಿತ್ಸೆಗೆ ಹೊರಟ ಯಾವ ತಾಯಿಯ ಮಕ್ಕಳಿಗಾದರೂ, ಜಾತಿ ಕೇಳದೆ, ಆಕೆ ಬರುವವರೆಗೆ ಪ್ರಸಾದ ನಿಲಯದಲ್ಲಿ ಇಲ್ಲವೆ ಬಳಗದ ಮನೆಗಳಲ್ಲಿ ಆಶ್ರಯ ಉಂಟು. ಆ ಮನೆಗೆ ದಾಸೋಹದ ಬುತ್ತಿ ಹೋಗುತ್ತದೆ; ಏಕೆಂದು ಯಾರೂ ಕೇಳಕೂಡದು. ಬಸ್ಸಿನ ಖರ್ಚು ಮಠದ್ದು. ಜೊತೆಗೆ ಹೋಗಲು ಬಳಗದ ಇಬ್ಬರು ತಾಯಂದಿರು ಸಿದ್ಧರಾಗಿದ್ದಾರೆ. ಬಂದ ಮೇಲೆ ಕೆಲಸ ಹುಡುಕಿಕೊಡುವುದು, ಜಾರಿದರೆ ಮತ್ತೆ ಎತ್ತುವುದು ನಮ್ಮೆಲ್ಲರದು. ಪ್ರತಿ ಗುರುವಾರ ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ತಾಯಂದಿರು ಮಾತ್ರ ಕೂಡುತ್ತಾರೆ. ಅಲ್ಲಿಗೆ ನಾವೂ ಬರುವುದಿಲ್ಲ. ಬಂದವರ ಹೆಸರನ್ನು ಯಾವ ಪುಸ್ತಕದಲ್ಲಿಯೂ ಬರೆಯುವುದಿಲ್ಲ.

ನಿಮ್ಮಿಂದ ನಾವು ಬೇಡುವ ಭಿಕ್ಷೆ ಇಷ್ಟೇ. ಒಬ್ಬರು ಒಂದು ಮಗುವಿನ ಊಟ ಹಾಕಿರಿ. ಒಬ್ಬರು ಒಂದು ದಿನದ ಜೊತೆ ಹಾಕಿರಿ. ಏನೂ ಇಲ್ಲದವರು ನಿಮ್ಮ ಮೌನವನ್ನು ಹಾಕಿರಿ. ಅದು ಕಡಿಮೆ ಕಾಣಿಕೆಯಲ್ಲ. ಅಂದು ಸಾಯಂಕಾಲ ದೂರ ನಿಂತಿದ್ದ ಆ ತಾಯಿ ಮತ್ತೆ ಬರಲಾರಳು. ಆದರೆ ಆಕೆಯಂಥವಳು ನಾಳೆ ನಿಮ್ಮ ಬಾಗಿಲಿಗೆ ಬಂದಾಳು. ಆಗ, ‘ಹುಡುಗನ್ನ ಇಲ್ಲೇ ಬಿಡವ್ವಾ, ನೀ ಆರಾಮಾಗಿ ಬಾ’ ಎಂಬ ಮಾತು ನಿಮ್ಮ ಬಾಯಿಂದ ತಡವಿಲ್ಲದೆ ಬರಲಿ.